ಉದರದ ಒಳಪೆಟ್ಟು: ಕೊಯ್ಯಬೇಕೆ, ಕಾಯಬೇಕೆ?

ಮಾನವ ದೇಹದ ರಚನೆಯಲ್ಲಿ ಮೆದುಳಿಗೆ ತಲೆಬುರುಡೆಯ ರಕ್ಷಣೆಯುಂಟು. ಹೃದಯಕ್ಕೂ ಶ್ವಾಸಕೋಶಗಳಿಗೂ ಪಕ್ಕೆಲುಬುಗಳ ಪಂಜರವುಂಟು. ಉದರಕ್ಕಾದರೋ ಮುಂಭಾಗದಲ್ಲಿ ಚರ್ಮ, ಕೊಬ್ಬು ಮತ್ತು ಸ್ನಾಯುಗಳ ಹೊದಿಕೆಯ ಹೊರತು ಬೇರೆ ಕವಚವಿಲ್ಲ. ಆದುದರಿಂದ ಹೊಟ್ಟೆಗೆ ಬಿದ್ದ ಬಲವಾದ ಪೆಟ್ಟು ಒಳಗಿನ ಅಂಗಗಳಿಗೆ ನೇರವಾಗಿ ತಾಗುತ್ತದೆ. ಕತ್ತಿಯ ಇರಿತವಾದರೆ ಗಾಯ ಕಣ್ಣಿಗೆ ಕಾಣುತ್ತದೆ, ರಕ್ತ ಹೊರಗೆ ಹರಿಯುತ್ತದೆ, ನೋಡಿದವರು ಎಚ್ಚೆತ್ತುಕೊಳ್ಳುತ್ತಾರೆ. ಆದರೆ ವಾಹನ ಬಡಿದಾಗ, ತೆಂಗಿನ ಮರದಿಂದ ಬಿದ್ದಾಗ, ಟ್ರ್ಯಾಕ್ಟರ್ ಮಗುಚಿಕೊಂಡಾಗ, ಎತ್ತು ಒದೆದಾಗ ಚರ್ಮದ ಮೇಲೆ ಒಂದು ತರಚುಗಾಯವೂ ಇಲ್ಲದಿರಬಹುದು. ಒಳಗೆ ಮಾತ್ರ ಗುಲ್ಮ ಸೀಳಿರಬಹುದು, ಯಕೃತ್ತು ಬಿರಿದಿರಬಹುದು, ಕರುಳು ತೂತಾಗಿರಬಹುದು. ಕನ್ನಡ ಜನರು ಇದನ್ನು 'ಒಳಪೆಟ್ಟು' ಎಂಬ ಅರ್ಥವತ್ತಾದ ಮಾತಿನಿಂದ ಕರೆಯುತ್ತ ಬಂದಿದ್ದಾರೆ.

ಈ ವಿಷಯದ ಗಾಂಭೀರ್ಯವನ್ನು ಅರಿಯಲು ರಸ್ತೆಗಳ ಕಡೆಗೆ ನೋಡಿದರೆ ಸಾಕು. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ನೆಯ ಇಸವಿಯೊಂದರಲ್ಲಿಯೇ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ, 1,68,491 ಜನರು ಪ್ರಾಣ ಕಳೆದುಕೊಂಡರು. 4,43,366 ಜನರು ಗಾಯಗೊಂಡರು. ಮೃತರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಇಂತಹ ಗಾಯಾಳು ಆಸ್ಪತ್ರೆಗೆ ಬಂದೊಡನೆ ಶಸ್ತ್ರವೈದ್ಯನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಈ ಉದರವನ್ನು ತೆರೆಯಬೇಕೆ, ಅಥವಾ ತೆರೆಯದೆ ಕಾಯಬೇಕೆ? ತೆರೆಯಬೇಕಾದಲ್ಲಿ ಕಾದರೆ ಪ್ರಾಣ ಹೋಗುತ್ತದೆ. ಕಾಯಬಹುದಾದಲ್ಲಿ ತೆರೆದರೆ ಅನವಶ್ಯಕವಾದ ಹಿಂಸೆಯೂ ಅದರ ಬೆನ್ನಿಗೆ ಬರುವ ತೊಡಕುಗಳೂ ಗಾಯಾಳುವಿನ ಪಾಲಾಗುತ್ತವೆ. ಈ ನಿರ್ಧಾರಕ್ಕೆ ಸಿ.ಟಿ. ಸ್ಕ್ಯಾನ್ ಎಂಬ ಉಪಕರಣ ಹೇಗೆ ನೆರವಾಯಿತು, ಅದರ ನೆರವಿನ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಳಪೆಟ್ಟಿನ ಸ್ವರೂಪ

ಪೆಟ್ಟು ಉದರದೊಳಗೆ ಮೂರು ಬಗೆಯಲ್ಲಿ ಹಾನಿ ಮಾಡುತ್ತದೆ. ಮೊದಲನೆಯದು ಜಜ್ಜುವಿಕೆ. ಹೊಟ್ಟೆಯ ಗೋಡೆಗೂ ಬೆನ್ನೆಲುಬಿಗೂ ನಡುವೆ ಸಿಕ್ಕ ಅಂಗವು ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಂತಾಗುತ್ತದೆ. ಎರಡನೆಯದು ಎಳೆತ. ವೇಗವಾಗಿ ಹೋಗುತ್ತಿದ್ದ ದೇಹವು ಥಟ್ಟನೆ ನಿಂತಾಗ ಒಳಗಿನ ಅಂಗಗಳು ಮುಂದಕ್ಕೆ ಸಾಗಲೆಳಸುತ್ತವೆ. ಅವು ಕಟ್ಟಿಕೊಂಡಿರುವ ಜಾಗದಲ್ಲಿ ಹರಿಯುತ್ತವೆ. ಮೂರನೆಯದು ಒತ್ತಡ. ಉದರದ ಒಳ ಒತ್ತಡ ಒಮ್ಮೆಲೇ ಏರಿದಾಗ ತುಂಬಿದ ಮೂತ್ರಕೋಶವಾಗಲಿ ಕರುಳಿನ ಸುರುಳಿಯಾಗಲಿ ಒಡೆಯಬಹುದು.

ಉದರದ ಅಂಗಗಳಲ್ಲಿ ಗಟ್ಟಿಯಾದವು ಮತ್ತು ಟೊಳ್ಳಾದವು ಎಂದು ಎರಡು ವಿಧ. ಯಕೃತ್ತು, ಗುಲ್ಮ, ಮೂತ್ರಪಿಂಡ, ಮೇದೋಜೀರಕ ಇವು ಗಟ್ಟಿಯಾದವು. ಜಠರ, ಕರುಳು, ಮೂತ್ರಕೋಶ ಇವು ಟೊಳ್ಳಾದವು. ಗಟ್ಟಿ ಅಂಗ ಸೀಳಿದರೆ ರಕ್ತ ಹರಿಯುತ್ತದೆ. ಇಲ್ಲಿ ಕಾಲವನ್ನು ನಿಮಿಷಗಳಲ್ಲಿ ಎಣಿಸಬೇಕಾಗುತ್ತದೆ. ಕರುಳು ಒಡೆದರೆ ಅದರೊಳಗಿನ ಮಲಿನ ದ್ರವ ಉದರದಲ್ಲಿ ಹರಡಿ ನಂಜಾಗುತ್ತದೆ; ಇಲ್ಲಿ ಕಾಲವನ್ನು ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ. ಒಂದೇ ಪೆಟ್ಟಿನಲ್ಲಿ ಈ ಎರಡು ಬಗೆಯ ಗಡಿಯಾರಗಳೂ ಓಡುತ್ತಿರಬಹುದು ಎಂಬುದನ್ನು ಮರೆಯದಿರುವುದೇ ಈ ಚಿಕಿತ್ಸೆಯ ಮೂಲಸೂತ್ರ.

ಹಿಂದಿನ ಕಾಲದ ಮಾರ್ಗ

ಚಿತ್ರಯಂತ್ರಗಳು ಬರುವ ಮುನ್ನ ವೈದ್ಯನಿಗೆ ಇದ್ದ ಸಾಧನಗಳು ಅವನ ಕೈ, ಕಣ್ಣು ಮತ್ತು ಕಿವಿ. ಹೊಟ್ಟೆಯನ್ನು ಮುಟ್ಟಿ ನೋವಿನ ತಾಣವನ್ನೂ ಬಿಗಿತವನ್ನೂ ಅರಿಯುತ್ತಿದ್ದನು. ಕರುಳಿನ ಸದ್ದನ್ನು ಆಲಿಸುತ್ತಿದ್ದನು. ನಾಡಿಯನ್ನೂ ರಕ್ತದೊತ್ತಡವನ್ನೂ ಗಮನಿಸುತ್ತಿದ್ದನು. ಇವು ಇಂದಿಗೂ ಬಹುಮೂಲ್ಯವಾದ ಪರೀಕ್ಷೆಗಳೇ ಆಗಿವೆ. ಆದರೆ ತಲೆಗೂ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ ಗಾಯಾಳು, ಮದ್ಯ ಸೇವಿಸಿದ ಗಾಯಾಳು, ಮುರಿದ ತೊಡೆಯ ನೋವಿನಲ್ಲಿ ಹೊಟ್ಟೆಯ ನೋವನ್ನು ಗುರುತಿಸಲಾರದ ಗಾಯಾಳು ಇಂಥವರಲ್ಲಿ ಕೈಯ ಪರೀಕ್ಷೆ ಮೋಸಹೋಗುತ್ತಿತ್ತು.

1965ರಲ್ಲಿ ಅಮೆರಿಕದ ಡೇವಿಡ್ ರೂಟ್ ಮತ್ತು ಸಂಗಡಿಗರು ಒಂದು ಹೊಸ ಪರೀಕ್ಷೆಯನ್ನು ಬಳಕೆಗೆ ತಂದರು. ಹೊಕ್ಕುಳಿನ ಬಳಿ ಸಣ್ಣ ಕೊಳವೆಯನ್ನು ತೂರಿಸಿ, ಒಂದು ಲೀಟರ್‌ನಷ್ಟು ಉಪ್ಪುದ್ರಾವಣವನ್ನು ಒಳಗೆ ಬಿಟ್ಟು, ಅದನ್ನೇ ಮರಳಿ ಹೊರಗೆ ಹರಿಸಿ ಪರೀಕ್ಷಿಸುವುದು ಅದರ ಕ್ರಮ. ಆ ದ್ರವದ ಒಂದು ಘನ ಮಿಲಿಮೀಟರಿನಲ್ಲಿ ಒಂದು ಲಕ್ಷಕ್ಕೆ ಮಿಗಿಲಾದ ಕೆಂಪು ರಕ್ತಕಣಗಳಿದ್ದರೆ ಉದರವನ್ನು ತೆರೆಯಬೇಕೆಂಬುದು ನಿಯಮವಾಯಿತು. ಈ ಪರೀಕ್ಷೆ ಎಷ್ಟೋ ಜೀವಗಳನ್ನು ಉಳಿಸಿತು. ಆದರೆ ಅದರ ಸೂಕ್ಷ್ಮತೆಯೇ ಅದರ ದೋಷವೂ ಆಗಿತ್ತು. ರಕ್ತವಿದೆ ಎಂದು ಅದು ಹೇಳುತ್ತಿತ್ತು. ಯಾವ ಅಂಗದಿಂದ ಬಂದಿತು, ಇನ್ನೂ ಹರಿಯುತ್ತಿದೆಯೇ, ಆಗಲೇ ನಿಂತಿದೆಯೇ ಎಂಬುದನ್ನು ಹೇಳುತ್ತಿರಲಿಲ್ಲ. ಹೊಟ್ಟೆಯನ್ನು ತೆರೆದು ನೋಡಿದರೆ, ಯಕೃತ್ತಿನ ಮೇಲೆ ಸಣ್ಣದೊಂದು ಸೀಳು ತಾನಾಗಿಯೇ ರಕ್ತ ಕಟ್ಟಿಕೊಂಡು ಶಾಂತವಾಗಿರುವುದು ಅನೇಕ ವೇಳೆ ಕಂಡುಬರುತ್ತಿತ್ತು. ಅಲ್ಲದೆ ಬೆನ್ನ ಕಡೆಗೆ ಹುದುಗಿರುವ ಮೂತ್ರಪಿಂಡ, ಮೇದೋಜೀರಕಗಳ ಗಾಯವನ್ನು ಈ ಪರೀಕ್ಷೆ ಕಾಣಲಾರದಾಗಿತ್ತು.

ಗುಲ್ಮ ಕಲಿಸಿದ ಪಾಠ

ಉದರವನ್ನು ತೆರೆದ ಮೇಲೆ ಒಡೆದ ಗುಲ್ಮ ಕಂಡರೆ ಅದನ್ನು ತೆಗೆದುಹಾಕುವುದು ಬಹುಕಾಲದ ರೂಢಿಯಾಗಿತ್ತು. ಸಂಸ್ಕೃತದಲ್ಲಿ ಪ್ಲೀಹವೆಂದು ಕರೆಯಲ್ಪಡುವ ಈ ಅಂಗ ಎಡ ಪಕ್ಕೆಲುಬುಗಳ ಅಡಿಯಲ್ಲಿ, ಮುಷ್ಟಿಯ ಗಾತ್ರದಲ್ಲಿದ್ದು, ರಕ್ತದಿಂದ ತೊಯ್ದ ಸ್ಪಂಜಿನಂತಿರುತ್ತದೆ. ಮಲೇರಿಯಾ ಜ್ವರದಿಂದ ಊದಿಕೊಂಡ ಗುಲ್ಮವಂತೂ ಅಲ್ಪ ಪೆಟ್ಟಿಗೂ ಒಡೆಯಬಲ್ಲದು. ಗುಲ್ಮವಿಲ್ಲದೆಯೂ ಮನುಷ್ಯ ನಿರಾತಂಕವಾಗಿ ಬದುಕಬಲ್ಲನೆಂದೂ, ಗಾಯಗೊಂಡ ಗುಲ್ಮ ತಾನಾಗಿ ಮಾಯಲಾರದೆಂದೂ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಶಸ್ತ್ರವೈದ್ಯರು ಬಲವಾಗಿ ನಂಬಿದ್ದರು.

ಮೊದಲನೆಯ ನಂಬಿಕೆ 1952ರಲ್ಲಿ ಅಲುಗಿತು. ಆ ವರ್ಷ ಅಮೆರಿಕದ ಕಿಂಗ್ ಮತ್ತು ಶುಮೇಕರ್ ಎಂಬ ವೈದ್ಯರು, ಎಳೆಯ ವಯಸ್ಸಿನಲ್ಲಿ ಗುಲ್ಮ ತೆಗೆಸಿಕೊಂಡ ಮಕ್ಕಳು ತೀವ್ರವಾದ ಸೋಂಕಿಗೆ ತುತ್ತಾಗುವುದನ್ನು ವರದಿ ಮಾಡಿದರು. ಗುಲ್ಮವು ರಕ್ತದಲ್ಲಿ ಸಂಚರಿಸುವ ರೋಗಾಣುಗಳನ್ನು ಸೋಸಿ ಹಿಡಿಯುವ ಅಂಗ. ಅದನ್ನು ಕಳೆದುಕೊಂಡವರಲ್ಲಿ ನ್ಯೂಮೊಕಾಕಸ್ ಮುಂತಾದ ರೋಗಾಣುಗಳು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾದ ನಂಜನ್ನು ಉಂಟುಮಾಡಬಲ್ಲವು. ಈ ಭೀತಿ ವರ್ಷಗಳು ಕಳೆದರೂ ಪೂರ್ತಿ ಅಳಿಯುವುದಿಲ್ಲ.

ಎರಡನೆಯ ನಂಬಿಕೆಯನ್ನು ಅಲುಗಿಸಿದವರಲ್ಲಿ ಭಾರತೀಯರೊಬ್ಬರು ಇದ್ದರು ಎಂಬುದು ಹೆಮ್ಮೆಯ ಸಂಗತಿ. ಮುಂದೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವನ್ನು ಬೆಳೆಸಿದ ಡಾ. ಪುರುಷೋತ್ತಮ ಉಪಾಧ್ಯಾಯ ಅವರು, ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯ ಅನುಭವವನ್ನು ಆಧರಿಸಿ ಡಾ. ಸಿಂಪ್ಸನ್ ಅವರೊಡನೆ 1968ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗುಲ್ಮಕ್ಕೆ ಪೆಟ್ಟು ಬಿದ್ದ ಮಕ್ಕಳಲ್ಲಿ ಕೆಲವರು ಶಸ್ತ್ರಕ್ರಿಯೆಯಿಲ್ಲದೆಯೇ ಗುಣಹೊಂದುತ್ತಾರೆ ಎಂಬುದು ಅದರ ಸಾರ. ಗಾಯಗೊಂಡ ಗುಲ್ಮ ಮಾಯುವ ಬಗೆಯನ್ನು ಉಪಾಧ್ಯಾಯರು ಕೋತಿಗಳ ಮೇಲಿನ ಪ್ರಯೋಗದಿಂದಲೂ ಅಭ್ಯಸಿಸಿದ್ದರು.

ಹೀಗೆ 'ತೆಗೆಯದೆ ಉಳಿಸಬಹುದು' ಎಂಬ ತಿಳಿವಳಿಕೆಯೇನೋ ಬಂದಿತು. ಆದರೆ ಯಾವ ಗಾಯಾಳುವಿನಲ್ಲಿ ಉಳಿಸಬಹುದು? ಒಳಗಿನ ಗಾಯ ಎಷ್ಟು ಆಳವಿದೆ? ಜೊತೆಗೆ ಮತ್ತಾವ ಅಂಗ ಒಡೆದಿದೆ? ಕೊಯ್ಯದೆ ಇವನ್ನು ಅರಿಯುವ ದಾರಿ ಅಂದು ಇರಲಿಲ್ಲ. ಆ ದಾರಿಯನ್ನು ತೆರೆದದ್ದು ಸಿ.ಟಿ. ಯಂತ್ರ.

ಪದರ ಪದರವಾಗಿ ತೋರುವ ಯಂತ್ರ

ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ದೇಹದ ಮುಂದಿನ, ನಡುವಿನ, ಹಿಂದಿನ ಭಾಗಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗಿ ಕಾಣುತ್ತವೆ. ಮೂಳೆ ಸ್ಪಷ್ಟವಾಗಿ ಕಂಡರೂ ಯಕೃತ್ತು, ಗುಲ್ಮ, ರಕ್ತ ಇವೆಲ್ಲ ಬಹುಪಾಲು ಒಂದೇ ಬೂದುಬಣ್ಣದಲ್ಲಿ ಕರಗಿಹೋಗುತ್ತವೆ. ಅನೇಕ ಕೋನಗಳಿಂದ ಕಿರಣಗಳನ್ನು ಹಾಯಿಸಿ, ಅವು ಎಷ್ಟು ಕುಂದಿ ಹೊರಬಂದವು ಎಂಬುದನ್ನು ಅಳೆದು, ಆ ಅಂಕಿಗಳಿಂದ ಒಳಗಿನ ಒಂದು ಅಡ್ಡಪದರವನ್ನು ಗಣಿತದ ಮೂಲಕ ಮರಳಿ ರಚಿಸಬಹುದು ಎಂಬುದೇ ಸಿ.ಟಿ. ಯಂತ್ರದ ತತ್ತ್ವ. ಇದಕ್ಕೆ ಬೇಕಾದ ಗಣಿತವನ್ನು ಆಸ್ಟ್ರಿಯದ ಯೋಹಾನ್ ರಾಡಾನ್ 1917ರಲ್ಲಿಯೇ ನಿರೂಪಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಭೌತವಿಜ್ಞಾನಿ ಆಲನ್ ಕೊರ್ಮ್ಯಾಕ್ 1963 ಮತ್ತು 1964ರಲ್ಲಿ ಈ ಕುರಿತು ಪ್ರಬಂಧಗಳನ್ನು ಬರೆದರು. ಇಂಗ್ಲೆಂಡಿನ ಒಂದು ಕೃಷಿಕ ಕುಟುಂಬದಿಂದ ಬಂದ, ವಿಶ್ವವಿದ್ಯಾನಿಲಯದ ಪದವಿಯನ್ನೇ ಪಡೆಯದಿದ್ದ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಯಂತ್ರವನ್ನು ನಿರ್ಮಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮೆದುಳಿನ ಮೊದಲ ಚಿತ್ರವನ್ನು ತೆಗೆಯಲಾಯಿತು. 1979ರಲ್ಲಿ ಕೊರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಮೊದಲ ಯಂತ್ರಗಳು ಒಂದೊಂದು ಪದರಕ್ಕೆ ಹಲವು ನಿಮಿಷಗಳನ್ನು ತೆಗೆದುಕೊಳ್ಳುತ್ತಿದ್ದವು. ಅಲುಗದ ತಲೆಗೆ ಅದು ಸಾಧ್ಯ. ಉಸಿರಾಟದೊಡನೆ ಸದಾ ಚಲಿಸುವ ಉದರಕ್ಕೆ ಅಸಾಧ್ಯ. ಯಂತ್ರದ ವೇಗ ಹೆಚ್ಚಿದಂತೆ ಉದರವೂ ಅದರ ವ್ಯಾಪ್ತಿಗೆ ಬಂದಿತು. 1980ರ ದಶಕದ ಆರಂಭದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮೈಕಲ್ ಫೆಡರ್ಲ್ ಮತ್ತು ಸಂಗಡಿಗರು ಹೊಟ್ಟೆಯ ಒಳಪೆಟ್ಟಿನಲ್ಲಿ ಇದರ ಉಪಯುಕ್ತತೆಯನ್ನು ಪ್ರಕಟಿಸಿದರು. 1989ರ ಹೊತ್ತಿಗೆ ರೋಗಿಯನ್ನು ನಿಲ್ಲಿಸದೆ ಸಾಗಿಸುತ್ತಲೇ ಸುರುಳಿಯಾಕಾರದಲ್ಲಿ ಚಿತ್ರಿಸುವ ವಿಧಾನ ಬಂದಿತು. ಇಂದಿನ ಯಂತ್ರಗಳು ಎದೆಯಿಂದ ತೊಡೆಯ ಸಂದಿನವರೆಗಿನ ಭಾಗವನ್ನು ಕೆಲವೇ ಸೆಕೆಂಡುಗಳಲ್ಲಿ ಚಿತ್ರಿಸಬಲ್ಲವು.

ಚಿತ್ರದ ಪ್ರತಿ ಬಿಂದುವಿಗೂ ಒಂದು ಸಾಂದ್ರತೆಯ ಅಂಕವಿರುತ್ತದೆ. ಅದಕ್ಕೆ ಹೌನ್ಸ್‌ಫೀಲ್ಡರ ಹೆಸರನ್ನೇ ಇಡಲಾಗಿದೆ. ನೀರಿನ ಅಂಕ ಸೊನ್ನೆ. ಗಾಳಿಯದು ಸೊನ್ನೆಗಿಂತ 1000 ಕೆಳಗೆ. ಕೊಬ್ಬಿನದು ಸುಮಾರು 100 ಕೆಳಗೆ. ನಾಳದಿಂದ ಹೊರಬಿದ್ದ ಹಸಿ ರಕ್ತ ಸುಮಾರು 30ರಿಂದ 45. ಹೆಪ್ಪುಗಟ್ಟಿದ ರಕ್ತ ಸುಮಾರು 45ರಿಂದ 70. ಆದುದರಿಂದ ಉದರದಲ್ಲಿ ಕಂಡ ದ್ರವವು ನೀರಿನಂಥದೋ ರಕ್ತವೋ ಎಂಬುದನ್ನು ಅಂಕವೇ ಸೂಚಿಸುತ್ತದೆ. ಹೆಪ್ಪು ಎಲ್ಲಿ ದಟ್ಟವಾಗಿದೆಯೋ ಅದರ ಪಕ್ಕದ ಅಂಗವೇ ರಕ್ತದ ಮೂಲವಿರಬೇಕೆಂದು ಊಹಿಸಲು ಅವಕಾಶವಾಗುತ್ತದೆ. ಚಿತ್ರ ತೆಗೆಯುವ ಮೊದಲು ತೋಳಿನ ರಕ್ತನಾಳಕ್ಕೆ ಅಯೋಡಿನ್‌ಯುಕ್ತ ಔಷಧವನ್ನು ಚುಚ್ಚುತ್ತಾರೆ. ಅದು ರಕ್ತದೊಡನೆ ಬೆರೆತು ಜೀವಂತ ಅಂಗವನ್ನು ಬೆಳ್ಳಗೆ ಬೆಳಗಿಸುತ್ತದೆ. ಸೀಳಾದ ಭಾಗ ಕಪ್ಪು ಗೆರೆಯಾಗಿ ಕಾಣುತ್ತದೆ. ರಕ್ತ ಸಂಚಾರ ನಿಂತ ಭಾಗ ಬೆಳಗದೆ ಉಳಿಯುತ್ತದೆ.

ಮೊದಲು ಗಾಯಾಳು, ಆಮೇಲೆ ಚಿತ್ರ

ಇಷ್ಟು ಸಮರ್ಥವಾದ ಯಂತ್ರವಿರುವಾಗ ಪ್ರತಿಯೊಬ್ಬ ಗಾಯಾಳುವನ್ನೂ ಬಂದೊಡನೆ ಅದರೊಳಗೆ ಮಲಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ತಿಳಿಯಲು ಅಪಘಾತ ಚಿಕಿತ್ಸೆಯ ಇತಿಹಾಸದ ಒಂದು ಘಟನೆಯನ್ನು ನೆನೆಯಬೇಕು. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ಹೊಲವೊಂದರಲ್ಲಿ ಸಣ್ಣ ವಿಮಾನವೊಂದು ಉರುಳಿತು. ಅದನ್ನು ನಡೆಸುತ್ತಿದ್ದ ಮೂಳೆವೈದ್ಯ ಜೇಮ್ಸ್ ಸ್ಟೈನರ್ ಅವರ ಪತ್ನಿ ಮೃತರಾದರು. ಅವರೂ ಅವರ ಮಕ್ಕಳೂ ಗಾಯಗೊಂಡರು. ಆಗ ದೊರೆತ ಚಿಕಿತ್ಸೆಯ ಅವ್ಯವಸ್ಥೆಯನ್ನು ಕಂಡು ಮನನೊಂದ ಸ್ಟೈನರ್ ಗಾಯಾಳುಗಳ ಚಿಕಿತ್ಸೆಗೆ ಒಂದು ನಿಶ್ಚಿತ ಕ್ರಮವಿರಬೇಕೆಂದು ಶ್ರಮಿಸಿದರು. 1978ರಲ್ಲಿ ಅದರ ಮೊದಲ ಶಿಕ್ಷಣ ಶಿಬಿರ ನಡೆಯಿತು; 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಮಹಾವಿದ್ಯಾಲಯ ಅದನ್ನು ತನ್ನದಾಗಿಸಿಕೊಂಡಿತು. ಉಸಿರಿನ ಹಾದಿ, ಉಸಿರಾಟ, ರಕ್ತಸಂಚಾರ ಎಂಬ ಅನುಕ್ರಮದಲ್ಲಿ, ಯಾವುದು ಮೊದಲು ಕೊಲ್ಲಬಲ್ಲುದೋ ಅದನ್ನೇ ಮೊದಲು ಸರಿಪಡಿಸಬೇಕು ಎಂಬುದು ಅದರ ತಿರುಳು.

ಈ ಕ್ರಮದಂತೆ ಶಸ್ತ್ರವೈದ್ಯನು ಮೊದಲು ಕೇಳುವುದು 'ಒಳಗೆ ಏನು ಒಡೆದಿದೆ' ಎಂದಲ್ಲ. 'ಈ ವ್ಯಕ್ತಿಯ ರಕ್ತಸಂಚಾರ ಸ್ಥಿರವಾಗಿದೆಯೇ' ಎಂದು. ನಾಡಿ ವೇಗವಾಗಿ ಬಡಿದು, ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗಿ, ದ್ರವ ಮತ್ತು ರಕ್ತ ಕೊಟ್ಟರೂ ಚೇತರಿಸದ ಗಾಯಾಳುವಿಗೆ ಸಿ.ಟಿ. ಕೋಣೆ ಅಪಾಯದ ಸ್ಥಳ. ಚಿತ್ರ ಸೆಕೆಂಡುಗಳಲ್ಲಿ ಮುಗಿದರೂ ಅಲ್ಲಿಗೆ ಸಾಗಿಸುವುದು, ಮಲಗಿಸುವುದು, ಮರಳಿ ತರುವುದು ಇವೆಲ್ಲ ಕೂಡಿ ಅಮೂಲ್ಯವಾದ ನಿಮಿಷಗಳು ಕಳೆಯುತ್ತವೆ. ಹೃದಯ ನಿಂತರೆ ಅಲ್ಲಿ ಮಾಡಬಹುದಾದದ್ದು ಕಡಿಮೆ. ಇಂಥವರಿಗೆ ಮಂಚದ ಬಳಿಯಲ್ಲಿಯೇ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುತ್ತಾರೆ. 1990ರ ದಶಕದಲ್ಲಿ ವ್ಯಾಪಕವಾದ ಈ ವಿಧಾನದಲ್ಲಿ ಯಕೃತ್ತಿನ ಬಳಿ, ಗುಲ್ಮದ ಬಳಿ, ಕೆಳಹೊಟ್ಟೆಯಲ್ಲಿ ಹಾಗೂ ಹೃದಯದ ಸುತ್ತ ರಕ್ತ ನಿಂತಿದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಬಹುದು. ಹೊಟ್ಟೆಯಲ್ಲಿ ರಕ್ತ ಕಂಡು ಗಾಯಾಳು ಕುಸಿಯುತ್ತಿದ್ದರೆ ನೇರವಾಗಿ ಶಸ್ತ್ರಕ್ರಿಯಾ ಕೊಠಡಿಗೆ ಹೋಗಬೇಕು; ಚಿತ್ರಕ್ಕಾಗಿ ಕಾಯಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಆರೋಗ್ಯವಂತ ಯುವಕನ ದೇಹ ತನ್ನ ರಕ್ತದ ನೂರಕ್ಕೆ 30 ಭಾಗದವರೆಗೆ ಕಳೆದುಕೊಂಡರೂ ರಕ್ತದೊತ್ತಡವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಲ್ಲದು. ವಯಸ್ಕನಲ್ಲಿ ಇದು ಸುಮಾರು ಒಂದೂವರೆ ಲೀಟರ್. ಆದುದರಿಂದ ಒತ್ತಡದ ಒಂದು ಅಂಕಿ ಸರಿಯಿದ್ದ ಮಾತ್ರಕ್ಕೆ ಗಾಯಾಳು ಸ್ಥಿರನೆಂದು ತೀರ್ಮಾನಿಸಲಾಗದು. ನಾಡಿ, ಉಸಿರಾಟ, ಚರ್ಮದ ತಂಪು, ಮೂತ್ರದ ಪ್ರಮಾಣ, ಮನಸ್ಸಿನ ಚಡಪಡಿಕೆ ಎಲ್ಲವನ್ನೂ ಕೂಡಿಸಿ ನೋಡಬೇಕು.

ಚಿತ್ರವನ್ನು ಓದುವ ಬಗೆ

ಸ್ಥಿರವಾಗಿರುವ ಗಾಯಾಳುವಿಗೆ ಸಿ.ಟಿ. ಚಿತ್ರ ಅಮೂಲ್ಯವಾದ ಮಾರ್ಗದರ್ಶಿ. ಯಾವ ಅಂಗ, ಎಷ್ಟು ಆಳ, ಎಷ್ಟು ರಕ್ತ, ಸೋರಿಕೆ ಮುಂದುವರಿದಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಒಟ್ಟಿಗೆ ಉತ್ತರಿಸುತ್ತದೆ. ಅಮೆರಿಕದ ಅಪಘಾತ ಶಸ್ತ್ರವೈದ್ಯರ ಸಂಘವು 1989ರಲ್ಲಿ ಗುಲ್ಮ, ಯಕೃತ್ತು ಮತ್ತು ಮೂತ್ರಪಿಂಡಗಳ ಗಾಯಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಗುಲ್ಮದ ವಿಷಯದಲ್ಲಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಆಳದ ಸೀಳು ಮೊದಲನೆಯ ದರ್ಜೆ. ಒಂದರಿಂದ ಮೂರು ಸೆಂಟಿಮೀಟರ್ ಆಳದ್ದು ಎರಡನೆಯದು. ಅದಕ್ಕೂ ಮಿಗಿಲಾದುದು ಮೂರನೆಯದು. ಅಂಗದ ಕಾಲು ಭಾಗಕ್ಕಿಂತ ಹೆಚ್ಚಿನದಕ್ಕೆ ರಕ್ತ ತಪ್ಪಿದ್ದರೆ ನಾಲ್ಕನೆಯದು. ಪೂರ್ತಿ ನುಚ್ಚುನೂರಾದುದು ಐದನೆಯದು. 2018ರ ಪರಿಷ್ಕರಣದಲ್ಲಿ ಚಿತ್ರದಲ್ಲಿ ಕಾಣುವ ರಕ್ತನಾಳದ ಗಾಯಕ್ಕೂ ದರ್ಜೆಯಲ್ಲಿ ಸ್ಥಾನ ದೊರೆಯಿತು. ಸೀಳು ಎಷ್ಟೇ ಚಿಕ್ಕದಾಗಿರಲಿ, ಗುಲ್ಮದೊಳಗೆ ರಕ್ತ ಸೋರುತ್ತಿದ್ದರೆ ಅದನ್ನು ನಾಲ್ಕನೆಯ ದರ್ಜೆಯೆಂದೇ ಎಣಿಸಲಾಗುತ್ತದೆ. ಸೋರಿಕೆ ಗುಲ್ಮವನ್ನು ದಾಟಿ ಉದರಕ್ಕೆ ಹರಿದಿದ್ದರೆ ಐದನೆಯ ದರ್ಜೆ.

ಸೋರಿಕೆಯನ್ನು ಗುರುತಿಸುವ ಬಗೆ ಕುತೂಹಲಕರವಾಗಿದೆ. ಔಷಧ ಚುಚ್ಚಿದ ಮೇಲೆ ಬೇರೆ ಬೇರೆ ಕ್ಷಣಗಳಲ್ಲಿ ಎರಡು ಸುತ್ತು ಚಿತ್ರ ತೆಗೆಯುತ್ತಾರೆ. ಮೊದಲ ಚಿತ್ರದ ಬೆಳ್ಳನೆಯ ಚುಕ್ಕೆ ಎರಡನೆಯದರಲ್ಲಿ ಹರಡಿ ದೊಡ್ಡದಾಗಿದ್ದರೆ ಆ ಗಳಿಗೆಯಲ್ಲಿಯೂ ರಕ್ತ ಹರಿಯುತ್ತಿದೆ ಎಂದರ್ಥ. ಚುಕ್ಕೆ ಹರಡದೆ, ಪಕ್ಕದ ರಕ್ತನಾಳದೊಡನೆಯೇ ಮಂಕಾದರೆ ನಾಳದ ಗೋಡೆ ಹರಿದು ಅಲ್ಲಿಯೇ ಉಬ್ಬಿಕೊಂಡಿದೆ ಎಂದರ್ಥ. ಅದು ಮುಂದೆ ಒಡೆಯಬಹುದು. ಇಂತಹ ಗಾಯಾಳು ಸ್ಥಿರನಾಗಿದ್ದರೆ ತೊಡೆಯ ಸಂದಿನ ಅಥವಾ ಕೈಯ ರಕ್ತನಾಳದ ಮೂಲಕ ಸೂಕ್ಷ್ಮವಾದ ನಳಿಕೆಯನ್ನು ಸಾಗಿಸಿ, ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಷನ್ ಚಿಕಿತ್ಸೆಯನ್ನು ಮಾಡಬಹುದು. ಗುಲ್ಮಕ್ಕೆ ಇದನ್ನು ಬಳಸುವ ಕ್ರಮವನ್ನು ಅಮೆರಿಕದ ಸಾಲ್ವಟೋರ್ ಸ್ಕ್ಲಾಫಾನಿ 1981ರಲ್ಲಿ ಪ್ರಕಟಿಸಿದರು. ಹೀಗೆ ಕೊಯ್ಯುವುದಕ್ಕೂ ಕಾಯುವುದಕ್ಕೂ ನಡುವೆ ಮೂರನೆಯದೊಂದು ದಾರಿ ತೆರೆಯಿತು.

ಆದರೆ ದರ್ಜೆಯ ಅಂಕಿಯೊಂದೇ ನಿರ್ಣಾಯಕವಲ್ಲ. ಒಂದೇ ದರ್ಜೆಯ ಗುಲ್ಮದ ಗಾಯವುಳ್ಳ ಇಬ್ಬರನ್ನು ಊಹಿಸಿಕೊಳ್ಳಬಹುದು. ಒಬ್ಬನ ನಾಡಿ ಶಾಂತವಾಗಿದೆ, ಹೊಟ್ಟೆ ಮೃದುವಾಗಿದೆ, ರಕ್ತ ಕೊಡಬೇಕಾಗಿಲ್ಲ. ಮತ್ತೊಬ್ಬನು ರಕ್ತ ಕೊಟ್ಟಾಗ ಚೇತರಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಕುಸಿಯುತ್ತಿದ್ದಾನೆ. ಇಬ್ಬರ ಚಿತ್ರವೂ ಒಂದೇ. ಆದರೆ ಮೊದಲನೆಯವನ ಗುಲ್ಮವನ್ನು ಉಳಿಸಲು ಕಾಯಬೇಕು, ಎರಡನೆಯವನ ಜೀವವನ್ನು ಉಳಿಸಲು ಗುಲ್ಮವನ್ನು ಬಿಡಬೇಕು. ಗುಲ್ಮದ ಒಳಪೆಟ್ಟಿಗೆ ಗುರಿಯಾದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮಿಗಿಲಾದವರು ಇಂದು ಶಸ್ತ್ರಕ್ರಿಯೆಯಿಲ್ಲದೆ ಗುಣಹೊಂದುತ್ತಾರೆ. ಸ್ಥಿರರಾದ ವಯಸ್ಕರಲ್ಲಿಯೂ ಬಹುಪಾಲು ಜನರು ಹಾಗೆಯೇ. ಯಕೃತ್ತಿನ ಮತ್ತು ಮೂತ್ರಪಿಂಡದ ಗಾಯಗಳಲ್ಲಿಯೂ ಇದೇ ಮಾರ್ಗ ರೂಢಿಗೆ ಬಂದಿದೆ.

ಚಿತ್ರ ಕಾಣದ್ದು

ಗಟ್ಟಿ ಅಂಗಗಳ ವಿಷಯದಲ್ಲಿ ಇಷ್ಟು ನಿಖರವಾದ ಯಂತ್ರವು ಕರುಳಿನ ವಿಷಯದಲ್ಲಿ ತಡವರಿಸುತ್ತದೆ. ಒಡೆದ ಕರುಳಿನಿಂದ ಗಾಳಿ ಹೊರಬಂದಿರುವುದು ಕಂಡರೆ ಸಂದೇಹವೇನೋ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಆದರೆ ಮೊದಲ ಕೆಲವು ಗಂಟೆಗಳಲ್ಲಿ ಗಾಳಿ ಕಾಣಿಸದಿರಬಹುದು. ಕರುಳಿನ ಗೋಡೆ ದಪ್ಪವಾಗಿರುವುದು, ಕರುಳನ್ನು ಹಿಡಿದಿರುವ ಪೊರೆ ಮಸುಕಾಗಿರುವುದು, ಯಾವ ಗಟ್ಟಿ ಅಂಗಕ್ಕೂ ಗಾಯವಿಲ್ಲದಿದ್ದರೂ ಉದರದಲ್ಲಿ ದ್ರವ ಸೇರಿರುವುದು ಇಂತಹ ಪರೋಕ್ಷ ಕುರುಹುಗಳಿಂದಲೇ ಊಹಿಸಬೇಕಾಗುತ್ತದೆ. ಮೇದೋಜೀರಕದ ಗಾಯವೂ ಹೀಗೆಯೇ. ಮೊದಲ ದಿನದ ಚಿತ್ರದಲ್ಲಿ ಸರಿಯಾಗಿ ಕಂಡದ್ದು ಮರುದಿನ ಬೇರೆಯಾಗಿ ಕಾಣಬಹುದು. ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದಂತೆ ಬಡಿದ ಮಕ್ಕಳಲ್ಲಿ ಈ ಅಂಗವನ್ನು ವಿಶೇಷವಾಗಿ ನೆನಪಿಡಬೇಕು. ಎದೆ ಮತ್ತು ಉದರಗಳ ನಡುವಿನ ವಪೆಯ ಸಣ್ಣ ಸೀಳೂ ಕಣ್ಣು ತಪ್ಪಿಸಿಕೊಳ್ಳಬಲ್ಲದು.

ಆದುದರಿಂದ ಶಸ್ತ್ರವೈದ್ಯನು ಮತ್ತೆ ತನ್ನ ಕೈಗೇ ಮರಳಬೇಕಾಗುತ್ತದೆ. ಕಾರಿನ ಸುರಕ್ಷಾ ಪಟ್ಟಿ ಪ್ರಾಣವನ್ನು ಉಳಿಸಿದರೂ ಹೊಟ್ಟೆಗೆ ಅಡ್ಡಲಾಗಿ ಕಂದಿದ ಗೆರೆಯನ್ನು ಬಿಟ್ಟಿದ್ದರೆ, ಕರುಳು ಮತ್ತು ಬೆನ್ನೆಲುಬುಗಳಿಗೆ ಪೆಟ್ಟಾಗಿರುವ ಸಂಭವ ಹೆಚ್ಚು. ಚಿತ್ರ ಸರಿಯಾಗಿದ್ದರೂ ಅಂತಹವರನ್ನು ಮನೆಗೆ ಕಳುಹಿಸದೆ ಇರಿಸಿಕೊಳ್ಳುವುದು ವಿವೇಕ. ಕೆಲವು ಗಂಟೆಗಳಿಗೊಮ್ಮೆ, ಸಾಧ್ಯವಾದಲ್ಲಿ ಒಬ್ಬನೇ ವೈದ್ಯನು, ಹೊಟ್ಟೆಯನ್ನು ಮುಟ್ಟಿ ನೋಡಬೇಕು. ಬಿಗಿತ ಹೆಚ್ಚಿದೆಯೇ, ಜ್ವರ ಬಂದಿದೆಯೇ, ನಾಡಿ ಏರುತ್ತಿದೆಯೇ ಎಂದು ಗಮನಿಸಬೇಕು. ಹೊಟ್ಟೆ ಕಲ್ಲಿನಂತೆ ಬಿಗಿದು ನಂಜಿನ ಲಕ್ಷಣಗಳು ತೋರಿದರೆ, ಚಿತ್ರ ಏನೇ ಹೇಳಿರಲಿ, ತೆರೆದು ನೋಡುವುದೇ ಧರ್ಮ.

ಯಂತ್ರದ ಬೆಲೆ

ಸಿ.ಟಿ. ಪರೀಕ್ಷೆಯನ್ನು ಎಲ್ಲರಿಗೂ ಮಾಡಬಾರದೆಂಬುದಕ್ಕೆ ಬೇರೆ ಕಾರಣಗಳೂ ಉಂಟು. ಮನುಷ್ಯನಿಗೆ ನೆಲ, ಗಾಳಿ, ಆಕಾಶಗಳಿಂದ ವರ್ಷವೊಂದಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ವಿಕಿರಣ ಸಹಜವಾಗಿಯೇ ತಾಗುತ್ತದೆ. ಉದರದ ಒಂದು ಸಿ.ಟಿ. ಪರೀಕ್ಷೆಯಲ್ಲಿ ಇದರ ಮೂರು ನಾಲ್ಕು ಪಟ್ಟು ಒಮ್ಮೆಲೇ ತಾಗಬಹುದು. ಎಳೆಯ ಮಕ್ಕಳ ದೇಹ ಇದಕ್ಕೆ ಹೆಚ್ಚು ನಾಜೂಕು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅಯೋಡಿನ್ ಔಷಧದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಬಡ ಕುಟುಂಬಗಳಿಗೆ ಖರ್ಚಿನ ಪ್ರಶ್ನೆಯೂ ಸಣ್ಣದಲ್ಲ.

ತೀವ್ರ ಗಾಯಾಳುಗಳಿಗೆ ತಲೆಯಿಂದ ಕೆಳಗಿನವರೆಗೆ ಇಡೀ ದೇಹದ ಸಿ.ಟಿ. ಮಾಡಿದರೆ ಹೆಚ್ಚು ಜೀವಗಳು ಉಳಿಯುವವೇ ಎಂಬುದನ್ನು ನೆದರ್‌ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡಿನ ಆಸ್ಪತ್ರೆಗಳು ಕೂಡಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದವು. 1,083 ಗಾಯಾಳುಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ, ಇಡೀ ದೇಹದ ಚಿತ್ರ ತೆಗೆಸಿಕೊಂಡವರಲ್ಲಿಯೂ, ಅಗತ್ಯ ಕಂಡ ಭಾಗದ ಚಿತ್ರವನ್ನು ಮಾತ್ರ ತೆಗೆಸಿಕೊಂಡವರಲ್ಲಿಯೂ ಆಸ್ಪತ್ರೆಯಲ್ಲಿ ಮೃತರಾದವರ ಪ್ರಮಾಣ ನೂರಕ್ಕೆ 16ರಷ್ಟೇ ಇತ್ತು. ಚಿತ್ರಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬದುಕುವವರ ಸಂಖ್ಯೆ ಹೆಚ್ಚಲಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಕಾಯುವುದೂ ಒಂದು ಚಿಕಿತ್ಸೆ

ಕೊಯ್ಯದೆ ಕಾಯುವುದೆಂದರೆ ಏನನ್ನೂ ಮಾಡದಿರುವುದೆಂದು ಗಾಯಾಳುವಿನ ಮನೆಯವರು ಭಾವಿಸಿ ಆತಂಕಪಡುವುದುಂಟು. ವಾಸ್ತವವಾಗಿ ಇದು ಶಸ್ತ್ರಕ್ರಿಯೆಗಿಂತ ಹೆಚ್ಚು ಜಾಗರೂಕತೆಯನ್ನು ಬೇಡುವ ಕೆಲಸ. ಗುಲ್ಮವನ್ನು ಉಳಿಸುವ ಪ್ರಯತ್ನ ವಿಫಲವಾಗುವುದಾದರೆ ಬಹುತೇಕ ಮೊದಲ ಮೂರು ನಾಲ್ಕು ದಿನಗಳಲ್ಲಿ ವಿಫಲವಾಗುತ್ತದೆ. ಆ ಅವಧಿಯಲ್ಲಿ ಹಗಲಿರುಳು ನಾಡಿ, ಒತ್ತಡಗಳನ್ನು ಗುರುತಿಸುವ ದಾದಿಯರು, ಮತ್ತೆ ಮತ್ತೆ ಪರೀಕ್ಷಿಸುವ ವೈದ್ಯ, ಹೊಂದುವ ರಕ್ತದ ಸಂಗ್ರಹ, ನಡುರಾತ್ರಿಯಲ್ಲಿಯೂ ಸಿದ್ಧವಿರುವ ಶಸ್ತ್ರಕ್ರಿಯಾ ಕೊಠಡಿ ಮತ್ತು ಅರಿವಳಿಕೆ ತಜ್ಞ ಇವೆಲ್ಲ ಇರಬೇಕು. ಇವು ಇಲ್ಲದ ಕಡೆ, ಸಿ.ಟಿ. ಯಂತ್ರವೊಂದೇ ಇದ್ದರೂ, ಕಾಯುವ ಮಾರ್ಗ ಸುರಕ್ಷಿತವಲ್ಲ. ಸ್ಥಿರನಾಗಿರುವಾಗಲೇ ಗಾಯಾಳುವನ್ನು ಸೌಲಭ್ಯವುಳ್ಳ ಆಸ್ಪತ್ರೆಗೆ ಸಾಗಿಸಬೇಕು. ಆಸ್ಪತ್ರೆಗಳಿಗೆ ನೆರವಾಗುವ ದಾನಿಗಳು ಈ ಮಾತನ್ನು ಗಮನಿಸುವುದು ಒಳ್ಳೆಯದು. ಯಂತ್ರವನ್ನು ಕೊಡುವುದು ದೊಡ್ಡ ಪುಣ್ಯಕಾರ್ಯವೇ ಸರಿ. ರಕ್ತನಿಧಿಯನ್ನೂ ದಾದಿಯರ ಶಿಕ್ಷಣವನ್ನೂ ಪೋಷಿಸಿದರೆ ಮಾತ್ರ ಆ ಯಂತ್ರ ಸಾರ್ಥಕವಾಗುತ್ತದೆ.

ಗುಲ್ಮವನ್ನು ತೆಗೆಯಲೇಬೇಕಾಗಿ ಬಂದವರಿಗೆ ನ್ಯೂಮೊಕಾಕಸ್ ಮುಂತಾದ ರೋಗಾಣುಗಳ ವಿರುದ್ಧ ಲಸಿಕೆ ಹಾಕಿಸಬೇಕು. ಮುಂದೆ ಜ್ವರ ಬಂದಾಗ ತಡಮಾಡದೆ ವೈದ್ಯರನ್ನು ಕಾಣಬೇಕೆಂದು ತಿಳಿಸಿ ಹೇಳಬೇಕು. ಗುಲ್ಮವನ್ನು ಉಳಿಸಿಕೊಂಡವರೂ ವೈದ್ಯರು ಹೇಳಿದಷ್ಟು ವಾರಗಳ ಕಾಲ ಕಬಡ್ಡಿ, ಕುಸ್ತಿ ಮುಂತಾದ ಆಟಗಳಿಂದ ದೂರವಿರಬೇಕು. ಶಾಲೆಗೆ ಮರಳಿದ ವಿದ್ಯಾರ್ಥಿಯ ವಿಷಯದಲ್ಲಿ ಉಪಾಧ್ಯಾಯರ ಎಚ್ಚರಿಕೆಯೇ ಇಲ್ಲಿ ಔಷಧ.

ಜನಸಾಮಾನ್ಯರ ಕರ್ತವ್ಯ

ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದವರಿಗೆ ನೀರನ್ನಾಗಲಿ ಆಹಾರವನ್ನಾಗಲಿ ಕೊಡದೆ ಶೀಘ್ರವಾಗಿ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆಯನ್ನು ತಿಕ್ಕುವುದು, ಎಣ್ಣೆ ನೀವುವುದು ಕೂಡದು. ಪೆಟ್ಟು ಹೇಗೆ ಬಿತ್ತು, ಎಷ್ಟು ಎತ್ತರದಿಂದ ಬಿದ್ದರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಾರೆಯೇ ಎಂಬ ವಿವರಗಳನ್ನು ವೈದ್ಯರಿಗೆ ಹೇಳಬೇಕು. ಎಡ ಹೆಗಲಿನಲ್ಲಿ ನೋವು ಕಾಣಿಸಿಕೊಂಡರೆ ಅದನ್ನು ಹೆಗಲಿನ ನೋವೆಂದು ಕಡೆಗಣಿಸಬಾರದು. ಗುಲ್ಮದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಅಲ್ಲಿ ತೋರಿಕೊಳ್ಳುವುದುಂಟು. ಅಪಘಾತದಲ್ಲಿ ಬಿದ್ದವರಿಗೆ ಸದ್ಭಾವದಿಂದ ನೆರವಾದವರನ್ನು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 134ಎ ಪರಿಚ್ಛೇದ ರಕ್ಷಿಸುತ್ತದೆ. ಆದುದರಿಂದ ಕಾನೂನಿನ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ.

ಶರಣರ ಪರಂಪರೆ ಅರಿವನ್ನೂ ಆಚಾರವನ್ನೂ ಬೇರೆ ಬೇರೆಯಾಗಿ ಕಾಣಲಿಲ್ಲ. ಈ ಆಧುನಿಕ ವಿದ್ಯೆಗೂ ಆ ಮಾತು ಸಲ್ಲುತ್ತದೆ. ಸಿ.ಟಿ. ಯಂತ್ರ ಕೊಡುವುದು ಅರಿವನ್ನು. ಅದನ್ನು ಯಾರಿಗೆ, ಯಾವಾಗ ಬಳಸಬೇಕು, ಕಂಡ ಮೇಲೆ ಕೊಯ್ಯಬೇಕೆ ಕಾಯಬೇಕೆ ಎಂಬುದು ವೈದ್ಯನ ಆಚಾರ. ಐವತ್ತು ವರ್ಷಗಳ ಹಿಂದೆ ಗುಲ್ಮ ಒಡೆದು ಆಸ್ಪತ್ರೆ ಸೇರಿದ ಬಾಲಕನು ಬದುಕಿ ಉಳಿದರೂ ಬಹುಪಾಲು ಗುಲ್ಮವನ್ನು ಕಳೆದುಕೊಂಡೇ ಮನೆಗೆ ಮರಳುತ್ತಿದ್ದನು. ಇಂದು ಅಂತಹ ಬಾಲಕನು ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಇಲ್ಲದೆ, ಕೆಲವು ವಾರಗಳ ತರುವಾಯ ತನ್ನ ತರಗತಿಯ ಹಲಗೆಯ ಮೇಲೆ ಮತ್ತೆ ಕುಳಿತುಕೊಳ್ಳುವುದು ಸಾಧ್ಯವಾಗಿದೆ. ಇದು ಯಂತ್ರವೊಂದರಿಂದಲೇ ಆದುದಲ್ಲ. ಚಿತ್ರವನ್ನು ನೋಡಿದ ಮೇಲೆಯೂ ರಾತ್ರಿಯಿಡೀ ಆ ಮಗುವಿನ ಮಂಚದ ಬಳಿ ನಾಡಿ ಹಿಡಿದು ನಿಂತವರ ಕಾಯಕದಿಂದ ಆದುದು.